ಅಲೆಯುವವರ ಹೊಣೆ ಠಾಣೆಯದ್ದೇ

ಸರ್, ಗಂಗಾವತಿ ಬಸ್ ನಿಲ್ದಾಣದಲ್ಲಿ ಅಲೆಯುತ್ತಿರುವ ಹೆಣ್ಣುಮಗಳ ಬಗ್ಗೆ ಠಾಣೆಯಲ್ಲಿ ಹೇಳಿದರೆ ಪೊಲೀಸರು ‘ನಮ್ಮ ಕೆಲಸವಲ್ಲ’ ಎಂದರಲ್ಲವೇ? ಅವರದ್ದೇ ಕೆಲಸ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಸೆಕ್ಷನ್ 100ರಂತೆ, ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರನ್ನು ಠಾಣಾಧಿಕಾರಿ ರಕ್ಷಣೆಗೆ ಪಡೆದು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್‌ಗೆ ಹಾಕುವಂತಿಲ್ಲ.

ಬಾಯಿಮಾತಿನ ದೂರು ಅಲ್ಲೇ ಆರಿಹೋಗುತ್ತದೆ. ಜಾಗ, ಹೊತ್ತು, ಗಾಯವಿದ್ದರೆ ಅದು, ಆಡುವ ಭಾಷೆ ಬರೆದು ಎರಡು ಪ್ರತಿ ಠಾಣೆಗೆ ಒಯ್ಯಿರಿ, ಒಂದಕ್ಕೆ ಮೊಹರು ಹಾಕಿಸಿಕೊಳ್ಳಿ. ಭಾಷೆ ಮುಖ್ಯ: ತೆಲುಗಾದರೆ ಮನೆಯವರನ್ನು ಆಂಧ್ರ, ತೆಲಂಗಾಣದ ಕಡೆಯೂ ಹುಡುಕಬೇಕಾಗುತ್ತದೆ. ಮನೆಯಿಲ್ಲದವರಾದರೆ ಕಾಣೆಯಾದವರ ಎಫ್‌ಐಆರ್ ಆಗಲೇಬೇಕು, ಅದೂ ಇದೇ ಸೆಕ್ಷನ್‌ನಲ್ಲಿದೆ. ಬಹಳ ಕಡೆ ಇದನ್ನೇ ಬಿಡುತ್ತಾರೆ. ಆಗ ಮನೆಯವರು ಪತ್ತೆಯಾಗದೆ, ಚಿಕಿತ್ಸೆ ಮುಗಿದ ಮೇಲೆ ಆಕೆ ಮತ್ತೆ ಅದೇ ನಿಲ್ದಾಣಕ್ಕೆ ಬರುತ್ತಾಳೆ.

ಆಸ್ಪತ್ರೆಯಲ್ಲಿ ‘ಇಲ್ಲಿ ಮನೋವೈದ್ಯರಿಲ್ಲ’ ಎಂದರೆ ವಾಪಸ್ ಬರಬೇಡಿ. ತಪಾಸಣೆಗೆ ಏರ್ಪಾಡು ಮಾಡುವುದು ಅಲ್ಲಿನ ವೈದ್ಯಾಧಿಕಾರಿಯ ಹೊಣೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ.