ಹಾಸನದಿಂದ ಸೈಕಿಯಾಟ್ರಿಗೆ ಹೊರಟ ತಂಗಿಗೆ

ತಂಗಿ, ಹಾಸನದಲ್ಲಿ ಎಂಬಿಬಿಎಸ್ ಮುಗಿಸಿದ್ದೀನಿ, ಅಮೆರಿಕಕ್ಕೆ ಬಂದು ಸೈಕಿಯಾಟ್ರಿ, ಅಂದ್ರೆ ಮನೋವೈದ್ಯಕೀಯ, ಮಾಡಿದ್ರೆ ಬಡವರ ನಡುವೆ ಕೆಲಸ ಮಾಡೋಕಾಗುತ್ತಾ, ಅಲ್ಲಿ ಬದುಕು ಹೇಗೆ ಅಂತ ಕೇಳಿದ್ದೀಯ. ಆಗುತ್ತೆ. ನನ್ನಂಥ ಎಷ್ಟೋ ಜನ ಇಲ್ಲಿ ನೆಲೆ ನಿಂತಿದ್ದೇ ಆ ಕೆಲಸದಿಂದ.

ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆ ವಿಷಯ ನಿನಗೆ ಗೊತ್ತೇ ಇದೆ. ಆಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಸೈಕಿಯಾಟ್ರಿ ಕಲಿಯೋ ತರಬೇತಿ, ಅಂದ್ರೆ ರೆಸಿಡೆನ್ಸಿ, 4 ವರ್ಷ. ಈ ತರಬೇತಿಗೆ ಜೆ-1 ಅನ್ನೋ ವೀಸಾದಲ್ಲಿ ಬಂದವರು ಅದು ಮುಗಿದ ಮೇಲೆ 2 ವರ್ಷ ಊರಲ್ಲಿ ಇದ್ದು ಬರಬೇಕು. ಅದು ಬೇಡವೆಂದರೆ ಡಾಕ್ಟರುಗಳ ಕೊರತೆ ಇರುವ ಕಡೆ 3 ವರ್ಷ ದುಡಿಯಬೇಕು. ಇದಕ್ಕೆ ಕಾನ್ರಾಡ್ 30 ಅಂತಾರೆ, ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಜಾಗ. ನಾನು ಹೀಗೇ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ ಅನ್ನೋ ಬೇಸಾಯದ ಸೀಮೆಗೆ ಬಂದೆ. 3 ವರ್ಷ ಯಾವಾಗಲೋ ಮುಗೀತು, ಇನ್ನೂ ಇಲ್ಲೇ ಇದ್ದೀನಿ.

ಬಂದ ವರ್ಷವೇ ದ್ರಾಕ್ಷಿ ತೋಟದ ಕೂಲಿ ಹೆಂಗಸೊಬ್ಬಳನ್ನು ಕರೆತಂದರು. ಊಟವಿಲ್ಲ, ನಿದ್ದೆಯಿಲ್ಲ. ಹಿಂದೆ ನೋಡಿದವರು 'ಸಹಕರಿಸುವುದಿಲ್ಲ, ಭ್ರಮೆ ಇರಬಹುದು' ಅಂತ ಬರೆದಿದ್ದರು. ಸ್ಪ್ಯಾನಿಷ್ ದುಭಾಷಿ ಫೋನಿನಲ್ಲಿ ಏನು ಕೇಳಿದರೂ ನೆಲ ನೋಡಿಕೊಂಡು 'ಸೀ, ಸೀ' (ಹೌದು, ಹೌದು) ಅನ್ನುತ್ತಿದ್ದಳು. ಆ 'ಸೀ' ನಾನು ಮೂಡಿಗೆರೆಯಲ್ಲೇ ಕೇಳಿದ್ದೆ. ಹೊರ ರಾಜ್ಯದಿಂದ ಬಂದು ನಮ್ಮ ಕಾಫಿ ತೋಟದ ಲೈನ್ ಮನೆಗಳಲ್ಲಿದ್ದವರು ತೋಟದ ಲೆಕ್ಕ ನೋಡೋ ರೈಟರ್ ಎದುರು ಹೀಗೇ 'ಹ್ಞೂಂ, ಹ್ಞೂಂ' ಅನ್ನುತ್ತಿದ್ದರು, ತಿಳಿಯಲಿಲ್ಲ ಅನ್ನೋಕೆ ಹೆದರಿ. ವಿಚಾರಿಸಿದರೆ ಅವಳು ಮೆಕ್ಸಿಕೊದ ಒಹಾಕಾ ಕಡೆಯವಳು, ಮಾತು ಸ್ಪ್ಯಾನಿಷ್ ಅಲ್ಲ, ಅಲ್ಲಿನ ಮೂಲನಿವಾಸಿಗಳ ಮಿಸ್ಟೆಕೊ. ಆ ಭಾಷೆಯ ದುಭಾಷಿ ಸಿಗಲು 2 ದಿನ ಹಿಡೀತು. ಆಮೇಲೆ ಮುಕ್ಕಾಲು ಗಂಟೆ ತಡೆಯಿಲ್ಲದೆ ಮಾತಾಡಿದಳು. ಊರಲ್ಲಿ ಬಿಟ್ಟು ಬಂದಿದ್ದ ಮಗ ತೀರಿಕೊಂಡಿದ್ದ, ಮಣ್ಣಿಗೂ ಹೋಗಲಾಗಿರಲಿಲ್ಲ. ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ.

ರೋಗಿಗೆ ದುಭಾಷಿ ಒದಗಿಸಬೇಕೆಂದು ಇಲ್ಲಿ ಕಾನೂನೇ ಇದೆ. ಆದರೆ 'ನಿನ್ನ ಮಾತು ಯಾವುದಮ್ಮಾ' ಅಂತ ಮೊದಲು ಒಬ್ಬರು ಕೇಳಬೇಕಲ್ಲ. ನಮ್ಮ ಕೆಲಸದಲ್ಲಿ ಅರ್ಧ ಪಾಲು ಅದೇ.

ಬದುಕು ಹೇಗೆ ಅಂದೆಯಲ್ಲ, ಸಂಬಳಕ್ಕೆ ಕೊರತೆಯಿಲ್ಲ. ಕನ್ನಡದವರ ಮನೆ ಕಾರಲ್ಲಿ 1 ಗಂಟೆ ದೂರ. ಡಿಸೆಂಬರ್‌ನಲ್ಲಿ ಚಾರ್ಮಾಡಿ ಘಾಟಿಯಂಥ ಮಂಜು ಕವಿಯುತ್ತೆ, ಆಗ ಊರು ತುಂಬಾ ಕಾಡುತ್ತೆ.

ರೆಸಿಡೆನ್ಸಿಗೆ ಅರ್ಜಿ ಹಾಕೋ ಮುಂಚೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿಕೊಂಡು ಕೆಲವು ದಿನ ಅವರ ಜೊತೆ ಸಕಲೇಶಪುರ, ಬೇಲೂರು ಕಡೆ ಓಡಾಡು. 'ಎದೆ ಡವಡವ ಅಂತದೆ', 'ಮೈಯೆಲ್ಲಾ ಉರಿ' ಅಂತ ಜನ ಹೇಳಿದ್ದನ್ನು ಅವರ ಮಾತಲ್ಲೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೋ. ಸೈಕಿಯಾಟ್ರಿ ಯಾಕೆ ಅಂತ ಇಂಟರ್‌ವ್ಯೂನಲ್ಲಿ ಕೇಳೇ ಕೇಳ್ತಾರೆ. ಆ ಪುಸ್ತಕದಿಂದಲೇ ಹೇಳು.