ನಾಗರಿಕ ಹಕ್ಕುಗಳನ್ನು ಬಹುಮತಕ್ಕೆ ಬಿಡಬಹುದೇ?

ಖಂಡಿತ ಬಿಡಬಾರದು. ಕೆರೆಯ ಹೂಳು ಯಾವಾಗ ತೆಗೆಸಬೇಕು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಲಿ. ಆದರೆ ನಮ್ಮ ಕೋಲಾರದ ಕಡೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ: 200 ಮನೆ, ದಲಿತರದು 30. ಆ 30 ಮನೆಯವರು ದೇವಸ್ಥಾನದ ಹೊಸಿಲು ದಾಟಬಹುದೇ ಎಂದು ಅರಳಿಕಟ್ಟೆಯ ಮುಂದೆ ಕೈ ಎತ್ತಿಸಿದರೆ? ಎತ್ತಿದ ಕೈಗಳನ್ನು ಎಣಿಸುವ ಮೊದಲೇ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತವರಿಗೆ ಫಲಿತಾಂಶ ಗೊತ್ತಿರುತ್ತದೆ. ಅದಕ್ಕೇ ಸಂವಿಧಾನದ 17ನೇ ವಿಧಿ ಯಾವ ಊರಿನ ಒಪ್ಪಿಗೆಗೂ ಕಾಯದೆ ಅಸ್ಪೃಶ್ಯತೆಯನ್ನು ರದ್ದುಪಡಿಸಿತು.

ಸ್ವಿಟ್ಜರ್ಲೆಂಡ್‌ನಲ್ಲಿ ಮಹಿಳೆಯರ ಮತದಾನದ ಹಕ್ಕನ್ನು ಜನಮತಕ್ಕೆ ಬಿಟ್ಟರು. ರಾಷ್ಟ್ರಮಟ್ಟದಲ್ಲಿ ಮತ ಹಾಕಿದವರು ಗಂಡಸರು ಮಾತ್ರ. 1959ರಲ್ಲಿ ತಿರಸ್ಕರಿಸಿದರು, 1971ರಲ್ಲಿ ಒಪ್ಪಿದರು. ನಡುವಿನ 12 ವರ್ಷಗಳನ್ನು ಆ ಹೆಂಗಸರಿಗೆ ಯಾರು ಹಿಂದಿರುಗಿಸಿದರು?