ಪಾದ್ರಿ ಎಡವಿದ್ದು ಎಲ್ಲಿ?

ಪ್ರಶ್ನೆ: ಕ್ಯಾಥೊಲಿಕ್ ಪಾದ್ರಿಗಳು ದಾರಿ ತಪ್ಪುವ ಸಿನಿಮಾಗಳೆಲ್ಲ ಸುಮ್ನೆ ಧರ್ಮವನ್ನು ಹಳಿಯೋಕೆ ಅಂತಲೇ ಮಾಡಿದವು, ಅಲ್ವಾ?

ಉತ್ತರ: ನನಗೆ ಹಾಗನ್ನಿಸಿಲ್ಲ. 2002ರ ಮೆಕ್ಸಿಕೋ ಚಿತ್ರ ‘ದಿ ಕ್ರೈಮ್ ಆಫ್ ಫಾದರ್ ಅಮಾರೊ’ ನೋಡಿ. ಸಣ್ಣ ಊರಿಗೆ ಬಂದ ಎಳೆಯ ಪಾದ್ರಿಗೆ ಅಮೇಲಿಯಾ ಎಂಬ ಹುಡುಗಿಯ ಮೇಲೆ ಮನಸ್ಸಾಗುತ್ತದೆ. ಅವನು ನಿಜವಾಗಿ ಬೀಳುವುದು ಅಲ್ಲಲ್ಲ. ಅವಳು ಬಸುರಿಯಾದಾಗ ತನ್ನ ಹುದ್ದೆ ಉಳಿಸಿಕೊಳ್ಳೋಕೆ ಕದ್ದುಮುಚ್ಚಿ ಗರ್ಭಪಾತಕ್ಕೆ ಕರೆದೊಯ್ಯುತ್ತಾನಲ್ಲ, ಅಲ್ಲಿ. ಅವಳು ಸಾಯುತ್ತಾಳೆ, ಅಂತ್ಯಕ್ರಿಯೆಯ ಪೂಜೆ ನಡೆಸುವವನೂ ಇವನೇ! ನೋಡುವಾಗ ಮೈ ಉರಿಯುತ್ತದೆ. ಹಿರಿಯ ಪಾದ್ರಿ ಬೇರೆ ಡ್ರಗ್ಸ್ ದಂಧೆಯವರ ದುಡ್ಡಲ್ಲಿ ಆಸ್ಪತ್ರೆ ಕಟ್ಟಿಸುತ್ತಿರುತ್ತಾರೆ, ಒಳ್ಳೇ ಕೆಲಸಕ್ಕೇ ತಾನೇ ಅನ್ನೋ ಸಮಾಧಾನದಲ್ಲಿ. ಆದರೆ ಬಡ ರೈತರ ಜೊತೆ ನಿಂತ ಫಾದರ್ ನಟಾಲಿಯೋ ಕೂಡ ಅಲ್ಲೇ ಇದ್ದಾರೆ, ಧರ್ಮಸಭೆ ಹೊರಹಾಕಿದರೂ ಆ ಜನರನ್ನು ಬಿಟ್ಟು ಹೋಗಲ್ಲ. ಅಂಥವರನ್ನೂ ಅಷ್ಟೇ ಪ್ರೀತಿಯಿಂದ ತೋರಿಸಿದ ಚಿತ್ರವನ್ನು ಧರ್ಮದ್ರೋಹಿ ಅಂತ ನಾನಂತೂ ಕರೆಯಲಾರೆ.